ಒಂಬತ್ತನೇ ಫ್ಯೂಸ್

…ಅಲ್ಲ ಮೇಷ್ಟ್ರೇ, ಬ್ಯಾಟರಿಗೆ ವಯಸ್ಸಾಯ್ತು ಅನ್ನೋಣ ಅಂದ್ರೆ ಅದನ್ನ ಹಾಕಿದ್ದು ನಾನೇ. ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ, ಸರ್ಕಾರಿ ತಪಾಸಣೆಗೆ ಅಂತ ನಿಮ್ಮ ಪಿಕಪ್ಪನ್ನ ನಮ್ಮ ಗ್ಯಾರೇಜಿಗೆ ಒಯ್ದಿದ್ದೆನಲ್ಲ, ಆಗ. ಇನ್ನೂ ಒಂದು ತಿಂಗಳು ತುಂಬಿಲ್ಲ. ಹೊಸ ಬ್ಯಾಟರಿ ಪ್ರತಿ ಸಲ ಚಾರ್ಜ್ ಮಾಡಿದ ಮೂರೇ ದಿನಕ್ಕೆ ಸಾಯುತ್ತೆ ಅಂದ್ರೆ… ಚಳಿ ಇರ್ಬೇಕು. ಚಳಿಗೆ ಬ್ಯಾಟರಿನೂ ಮುದುಡಿಕೊಳ್ಳುತ್ತೆ, ನಮ್ಮ ಹಾಗೇ.

ನೀವು ಒಳಗೆ ಹೋಗಿ ಬೆಚ್ಚಗೆ ಕೂತ್ಕೊಳ್ಳಿ. ಹತ್ತು ನಿಮಿಷದ ಕೆಲಸ. ಚಾರ್ಜ್ ಆಗಿರೋ ಬ್ಯಾಟರಿ ತಂದಿದೀನಿ. ಹಾಕ್ತೀನಿ, ಸ್ಟಾರ್ಟ್ ಮಾಡ್ತೀನಿ, ಹಾರನ್ ಹೊಡೀತೀನಿ. ಹಿಂದಿನ ಎರಡು ಸಲವೂ ಹಾಗೇ ತಾನೆ ಮಾಡಿದ್ದು?

…ಬೇಡವಾ. ಇಲ್ಲೇ ನಿಂತಿರ್ತೀರಾ. ಸರಿ, ನಿಮ್ಮ ಶೆಡ್ಡು, ನಿಮ್ಮ ಗಾಡಿ.

ಬೂಟು ಮೊಣಕಾಲಿನವರೆಗೆ ಒದ್ದೆಯಾಗಿದೆಯಲ್ಲ. ಸ್ಕೂಲಿಗೆ ನಡ್ಕೊಂಡು ಹೋಗಿದ್ರಾ? ಈ ಹಿಮದಲ್ಲಾ? ಸ್ಕೂಲು ಮುಚ್ಚಿ ಹನ್ನೊಂದು ವರ್ಷ ಆಯ್ತು ಮೇಷ್ಟ್ರೇ. ಅಂಗಳದಲ್ಲಿರೋ ಆ ಬಿಳಿ ಪೆಟ್ಟಿಗೆಯ ಥರ್ಮಾಮೀಟರನ್ನ ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ನೋಡಿ ಬರೀದಿದ್ರೆ ಚಳಿ ಏನು ಕಮ್ಮಿ ಬೀಳುತ್ತಾ? …ಗೊತ್ತು, ಗೊತ್ತು. ನಲವತ್ತೊಂದು ವರ್ಷ. ಒಂದು ದಿನವೂ ತಪ್ಪಿಲ್ಲ. ಹಾಗೆ ನೋಡ್ಬೇಡಿ, ನಾನೇನೂ ಅನ್ನಲಿಲ್ಲ.

ಅದೇನು ಕೈಯಲ್ಲಿ, ಪೆಟ್ಟಿಗೆ?

…ಇದನ್ನ ಇನ್ನೂ ಇಟ್ಕೊಂಡಿದೀರಾ? ಸ್ಕೂಲಿನ ಅಮ್ಮೀಟರ್. ಅದೇ ಕೆಂಪು ಮುಳ್ಳು, ಅದೇ ಮೂರು ತಿರುಪು. ಇಂಥದ್ದೇ ಒಂದನ್ನ ನಾನು ಎಂಟನೇ ಕ್ಲಾಸಲ್ಲಿ ಸುಟ್ಟಿದ್ದೆ. ನೆನಪಿದೆಯಾ? ನೆನಪಿಲ್ಲದೆ ಏನು, ನಿಮಗೆ ಅವತ್ತಿನ ಉಷ್ಣಾಂಶವೂ ನೆನಪಿರುತ್ತೆ. ಬ್ಯಾಟರಿಯ ಎರಡು ತುದಿಗೂ ನೇರವಾಗಿ ಜೋಡಿಸ್ಬಿಟ್ಟಿದ್ದೆ. ಮುಳ್ಳು ಒಂದೇ ಏಟಿಗೆ ಆಚೆ ತುದಿಗೆ ಹೊಡ್ಕೊಂಡು ಬಗ್ಗಿ ಹೋಯ್ತು. ಆಮೇಲೆ ಸುಟ್ಟ ವಾಸನೆ.

ಏನು, ಇವತ್ತು ಅಳತೆ ಮಾಡ್ಬೇಕು ಅಂತಲಾ? ಗಾಡಿ ನಿಂತಿರುವಾಗ ಎಷ್ಟು ಕರೆಂಟ್ ಸೋರುತ್ತೆ ಅಂತ ನೋಡ್ಬೇಕಾ? ಅಷ್ಟೆಲ್ಲ ಯಾಕೆ ಮೇಷ್ಟ್ರೇ, ಹಳೇ ಗಾಡಿ. ಹಳೇ ಗಾಡಿ ಅಂದ್ಮೇಲೆ ಎಲ್ಲೋ ಒಂದು ಕಡೆ ಸೋರುತ್ತೆ. ಹಳೇ ಮನುಷ್ಯರೂ… ಇಲ್ಲ, ಗಾಡಿ ಬಗ್ಗೆ ಮಾತ್ರ ಹೇಳಿದ್ದು.

…ಆಯ್ತು. ಕೊಡಿ ಇಲ್ಲಿ.

ಈ ಸಲ ಸರಿಯಾಗಿ ಜೋಡಿಸ್ತೀನಿ, ನೋಡ್ತಿರಿ. ಚಾರ್ಜ್ ಆಗಿರೋ ಬ್ಯಾಟರಿ ಕೂರಿಸಿ, ಮೈನಸ್ ವೈರ್ ಬಿಚ್ಚಿಟ್ಟಿದೀನಿ. ವೈರಿಗೂ ಬ್ಯಾಟರಿಗೂ ಮಧ್ಯೆ ಮೀಟರ್. ಹೊರಗೆ ಹೋಗೋ ಕರೆಂಟೆಲ್ಲ ಇದರ ಮೂಲಕವೇ ಹೋಗ್ಬೇಕು. ಮೊದಲು ಐದು ಆಂಪಿಯರ್ ತಿರುಪಿಗೆ, ಆಮೇಲೆ ಸಣ್ಣದಕ್ಕೆ. ‘ಗೊತ್ತಿಲ್ಲದ್ದನ್ನ ದೊಡ್ಡ ಅಳತೆಯಿಂದ ಶುರು ಮಾಡು’, ನಿಮ್ಮದೇ ಮಾತು. ಬಾಗಿಲು ತೆಗೆದಿದ್ರೆ ಒಳಗಿನ ದೀಪ ಹತ್ತಿ ಲೆಕ್ಕ ಕೆಡುತ್ತೆ, ಅದಕ್ಕೇ ಬಾಗಿಲಿನ ಸ್ವಿಚ್ಚನ್ನ ಟೇಪ್ ಹಾಕಿ ಒತ್ತಿಟ್ಟಿದೀನಿ. ಕೀ ನಿಮ್ಮ ಜೇಬಲ್ಲಿದೆ. ರೇಡಿಯೋ ಬಂದ್. ಈಗ ಎಲ್ಲ ಮಲಗಿರ್ಬೇಕು. ರೇಡಿಯೋ ಗಡಿಯಾರಕ್ಕೆ ಅಂತ ಹತ್ತು ಇಪ್ಪತ್ತು ಮಿಲಿ ಆಂಪಿಯರ್ ಹೋಗ್ಬಹುದು, ಅಷ್ಟೇ.

…ನಾಲ್ಕುನೂರ ಇಪ್ಪತ್ತು.

ಹೂಂ. ಜಾಸ್ತಿನೇ.

ಇದು… ಇಲಿ ಇರ್ಬೇಕು. ಚಳಿಗಾಲದಲ್ಲಿ ಇಲಿಗಳು ಇಂಜಿನ್ ಪಕ್ಕ ಸೇರ್ಕೊಂಡು ವೈರ್ ಕಡೀತವೆ. ಹೋದ ವರ್ಷ ಸುಗೆನೊ ಅಜ್ಜನ ಗಾಡಿಗೆ ಹಾಗೇ ಆಗಿತ್ತು. ಅಂದ ಹಾಗೆ ಆ ಅಜ್ಜನ ವಿಷಯ ಕೇಳಿದ್ರಾ? ವಯಸ್ಸಾಯ್ತು, ಇನ್ನು ಓಡಿಸಲ್ಲ ಅಂತ ಲೈಸೆನ್ಸ್ ತಾನಾಗೇ ವಾಪಸ್ ಕೊಟ್ರಂತೆ. ಎಪ್ಪತ್ತೇಳು ವರ್ಷ. ಪೊಲೀಸ್ ಠಾಣೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರಂತೆ. ಪ್ರಶಸ್ತಿ ಪತ್ರ ಬೇರೆ. ಈಗ ಊರ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂರ್ತಾರೆ, ರಾಜನ ಹಾಗೆ. ನೀವು ಅವರಿಗಿಂತ ಎರಡು ವರ್ಷ ದೊಡ್ಡವರಲ್ವಾ?

…ಸುಮ್ನೆ ಹೇಳ್ದೆ. ಸುದ್ದಿ.

ನೋಡಿ, ಇಲಿ ಹಿಕ್ಕೆ ಎಲ್ಲೂ ಇಲ್ಲ. ಸರಿ, ಇಲಿ ಅಲ್ಲ.

ಮೇಷ್ಟ್ರೇ, ಒಂದು ಲೋಟ ಚಹಾ ಸಿಗುತ್ತಾ? ಬೆರಳೆಲ್ಲ ಮರಗಟ್ಟಿದೆ. ನಿಮ್ಮ ಮಗಳು ಶಿಗೇಕೋ ಕೆಲಸದಿಂದ ಐದಕ್ಕೆ ತಾನೆ ಬರೋದು. ನೀವೇ ಹೋಗಿ ಮಾಡ್ಕೊಂಡು ಬರೋದಾದ್ರೆ, ಅಷ್ಟರಲ್ಲಿ ನಾನು… …ಫ್ಲಾಸ್ಕಲ್ಲಿ ತಂದಿದೀರಾ. ಎರಡು ಲೋಟ ಬೇರೆ. ಎಲ್ಲಾ ಮೊದಲೇ ಯೋಚನೆ ಮಾಡಿರ್ತೀರಿ.

ಬಿಸಿ ಇದೆ. ಉಪಕಾರ ಆಯ್ತು.

…ಇದೇನು, ಮಿಠಾಯಿನಾ? ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ತೆಗೆದ್ರಲ್ಲ. ಕರಿಸಕ್ಕರೆದು, ಮೊದಲಿಂದ ನೀವು ತಿನ್ನೋದು ಇದೇ. ಕೊಡಿ, ಯಾಕೆ ಬೇಡ. …ಕಾಗದ ಬಿಡ್ತಾನೇ ಇಲ್ಲವಲ್ಲ. ಕರಗಿ ಅಂಟಿಕೊಂಡಿದೆ. ಹೊರಗೆ ಹಿಮ ಬೀಳ್ತಿದೆ, ಡಬ್ಬಿಯೊಳಗೆ ಮಿಠಾಯಿ ಕರಗಿದೆ…

ಬೇಸಿಗೆಯಲ್ಲಿ ಕರಗಿದ್ದಿರ್ಬೇಕು. ಹಳೇ ಮಿಠಾಯಿ.

…ಹೋದ ವಾರ ಕೊಂಡಿದ್ದಾ. ಚೀಟಿನೂ ಇದೆ. ಚೀಟಿ ತೋರಿಸ್ಬೇಕಾಗಿರ್ಲಿಲ್ಲ ಮೇಷ್ಟ್ರೇ, ನೀವು ತಲೆ ಆಡಿಸಿದ್ರೂ ನಂಬ್ತಿದ್ದೆ.

ಫ್ಯೂಸ್ ನೋಡೋಣ. ಅದೇ ಸರಿಯಾದ ಕ್ರಮ. ಒಟ್ಟು ಒಂಬತ್ತಿವೆ. ಒಂದೊಂದಾಗಿ ಕೀಳೋದು, ಮುಳ್ಳು ಇಳಿಯುತ್ತಾ ನೋಡೋದು. ಯಾವುದನ್ನ ಕಿತ್ತಾಗ ಇಳಿಯುತ್ತೋ ಸೋರಿಕೆ ಆ ದಾರಿಯಲ್ಲಿದೆ. ‘ಒಂದು ಸಲಕ್ಕೆ ಒಂದೇ ಬದಲಾವಣೆ.’ ಇದೂ ನಿಮ್ಮದೇ. ನೀವು ಕಲಿಸಿದ್ದರಲ್ಲೇ ನಾನು ಹೊಟ್ಟೆ ಹೊರೀತಿರೋದು, ಗೊತ್ತಾ? ಮೂವತ್ತೈದು ವರ್ಷದಿಂದ. ಬೇರೆ ಗ್ಯಾರೇಜಿನವರು ಕಂಡದ್ದನ್ನೆಲ್ಲ ಬದಲಾಯಿಸ್ತಾರೆ. ನಾನು ಹುಡುಕ್ತೀನಿ.

ಹಾರನ್. ಇಳಿದಿಲ್ಲ. ವಾಪಸ್ ಹಾಕಿದೆ.

ವೈಪರ್. ಇಲ್ಲ.

ಹೀಟರ್ ಫ್ಯಾನ್. ಇಲ್ಲ. ರೇಡಿಯೋ… ಒಂದು ಕೂದಲೆಳೆ ಇಳೀತು, ಅಷ್ಟೇ. ಅದು ಗಡಿಯಾರದ್ದು. ಹಿಂದಿನ ದೀಪ, ಇಲ್ಲ. ಬ್ರೇಕ್ ದೀಪ, ಇಲ್ಲ. ಎಡಗಡೆ ಹೆಡ್‌ಲೈಟು. ಬಲಗಡೆದು. ಇಲ್ಲ. ಎಂಟಾಯ್ತು.

ಅಲ್ಲಿಗೆ… ಫ್ಯೂಸಲ್ಲೇನೂ ಇಲ್ಲ ಅಂತಾಯ್ತು. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಇರ್ಬಹುದು. ಅದರ ಕರೆಂಟ್ ಈ ಫ್ಯೂಸ್‌ಗಳ ಮೂಲಕ ಹೋಗಲ್ಲ. ಆಲ್ಟರ್ನೇಟರ್ ಅಂದ್ರೆ ದೊಡ್ಡ ಕೆಲಸ ಮೇಷ್ಟ್ರೇ. ಇಷ್ಟು ಹಳೇ ಗಾಡಿಗೆ ಅದನ್ನ ತರಿಸಿ, ಹಾಕಿ… ನನ್ನ ಕೇಳಿದ್ರೆ ಇನ್ನು ಇದಕ್ಕೆ ವಿಶ್ರಾಂತಿ ಕೊಡೋದೇ ಮರ್ಯಾದೆ. ಇಪ್ಪತ್ತಾರು ವರ್ಷ ದುಡೀತು. ಶಿಗೇಕೋ ಕಾರಿದೆ. ಬಸ್ಸಿದೆ. ಯಾರೂ ಏನೂ ಅಂದ್ಕೊಳ್ಳಲ್ಲ. ಗಾಡಿ ಹೋಯ್ತು, ಅದಕ್ಕೇ ಮೇಷ್ಟ್ರು ಓಡಿಸೋದು ಬಿಟ್ರು, ಅಷ್ಟೇ…

…ಒಂಬತ್ತನೆಯದಾ? ಅದು ಒಳಗಿನ ದೀಪದ್ದು. ಸ್ವಿಚ್ಚೇ ಒತ್ತಿಟ್ಟಿದೀವಲ್ಲ, ದೀಪ ಉರೀತಿಲ್ಲ. ಅದನ್ನ ಕಿತ್ತು ಏನು ಪ್ರಯೋಜನ.

…ಕೀಳ್ಬೇಕಾ.

ಕೀಳ್ತೀನಿ. ಯಾಕೆ ಕೀಳ್ಬಾರ್ದು. ಇಕ್ಕಳ ಎಲ್ಲಿಟ್ಟೆ… ಹಾಂ, ಕೈಯಲ್ಲೇ ಇದೆ.

…ಸೊನ್ನೆಗೆ ಬಂತು, ಗಡಿಯಾರದ ಆ ಕೂದಲೆಳೆ ಬಿಟ್ರೆ.

ಸಿಕ್ತಲ್ಲ ಮೇಷ್ಟ್ರೇ. ನೋಡಿ, ಕೊನೆಗೂ ಸಿಕ್ತು. ಒಳಗಿನ ದೀಪದ ದಾರಿ. ಬಾಗಿಲಿನ ಸ್ವಿಚ್ಚು ಕೆಟ್ಟಿದೆ, ಒತ್ತಿದ್ರೂ ಕೂಡಿಕೊಂಡೇ ಇರುತ್ತೆ, ದೀಪ ಸಣ್ಣಗೆ ಉರೀತಾ ಇರುತ್ತೆ. ಹಗಲಲ್ಲಿ ಗೊತ್ತಾಗಲ್ಲ. ಈಗ ಏನು ಮಾಡೋಣ ಅಂದ್ರೆ, ಮೇಲಿನ ಬಲ್ಬನ್ನ ಬಿಚ್ಚಿಬಿಟ್ರೆ ಕತೆ ಮುಗೀತು. ಒಂದು ನಿಮಿಷ, ಈ ಗಾಜಿನ ಮುಚ್ಚಳ ತೆಗೆದು…

ಬಲ್ಬ್ ಇಲ್ಲ.

…ನಿಮ್ಮ ಕೈಯಲ್ಲಿದೆಯಾ. ಯಾವಾಗ ಬಿಚ್ಚಿದ್ರಿ ಇದನ್ನ? …ಎರಡು ವಾರ ಆಯ್ತಾ.

ಅಂದ್ರೆ ದೀಪ ಅಲ್ಲ. ಆ ದಾರಿಯಲ್ಲಿ ದೀಪವೇ ಇಲ್ಲ. ಆದ್ರೂ ನಾಲ್ಕುನೂರ ಇಪ್ಪತ್ತು ಮಿಲಿ ಹೋಗ್ತಿದೆ.

ವಿಚಿತ್ರ.

ಪುಸ್ತಕ ಯಾಕೆ ತೆಗೀತೀರಾ? ಉಷ್ಣಾಂಶದ ಪುಸ್ತಕ ಅಲ್ವಾ ಅದು? …ಹಿಂದಿನ ಪುಟ. ಗ್ರಾಫ್. ದಿನಾ ಬೆಳಿಗ್ಗೆ ಸಂಜೆ ಬ್ಯಾಟರಿಯ ವೋಲ್ಟ್ ಬರೆದಿಟ್ಟಿದೀರಾ. ಮೊದಲು ಇಲ್ಲಿಂದ ಇಳಿದಿದೆ, ನಾನು ಬಂದು ಚಾರ್ಜ್ ಮಾಡಿದೆ, ಏರಿದೆ. ಮತ್ತೆ ಇಳಿದಿದೆ. ಮತ್ತೆ ಬಂದೆ. ಮತ್ತೆ ಇಳಿದಿದೆ. ಗರಗಸದ ಹಲ್ಲಿನ ಹಾಗೆ. ಮೂರು ಇಳಿಜಾರೂ ಒಂದೇ ತೆರನಾಗಿವೆ. ಶುರು ಎಲ್ಲಿಂದ… ಅಕ್ಟೋಬರ್ ಇಪ್ಪತ್ನಾಲ್ಕು. ನನ್ನ ಗ್ಯಾರೇಜಿಂದ ಗಾಡಿ ವಾಪಸ್ ಬಂದ ದಿನ.

ಕೆಳಗೆ ಲೆಕ್ಕ. ಸೊನ್ನೆ ಬಿಂದು ನಾಲ್ಕು ಎರಡು ಇಂಟು ಹನ್ನೆರಡು. ಐದು ವ್ಯಾಟ್. ಅದರ ಕೆಳಗೆ ಎರಡು ಗೆರೆ ಎಳೆದಿದೀರಿ.

ಮೇಷ್ಟ್ರೇ, ನಾನು ಬರೋ ಮೊದಲೇ ಅಳೆದು ಇದೆಲ್ಲ ಗೊತ್ತಿತ್ತು ಅಂದ್ಮೇಲೆ, ಇಷ್ಟು ಹೊತ್ತು ನನ್ನ ಕೈಲಿ ಒಂಬತ್ತು ಫ್ಯೂಸ್ ಕೀಳಿಸಿದ್ದು ಯಾಕೆ?

…

ಹಾಗೆ ನಿಂತ್ಕೋಬೇಡಿ.

ಅವತ್ತೂ ಹೀಗೇ ನಿಂತಿದ್ರಿ. ಅಮ್ಮೀಟರ್ ಸುಟ್ಟ ದಿನ. ಬಯ್ಯಲಿಲ್ಲ, ಯಾರು ಅಂತ ಕೇಳಲಿಲ್ಲ. ಸುಟ್ಟ ಮೀಟರನ್ನ ಮೇಜಿನ ಮೇಲಿಟ್ಟು, ಕೈ ಹಿಂದೆ ಕಟ್ಕೊಂಡು, ಕಿಟಕಿ ಕಡೆ ನೋಡ್ತಾ ನಿಂತ್ರಿ. ಮೂವತ್ತು ಮಕ್ಕಳು ಕೂತಿದ್ವಿ. ನಲವತ್ತು ನಿಮಿಷ. ಗಂಟೆ ಹೊಡೀತು, ನೀವು ಅಲ್ಲಾಡಲಿಲ್ಲ. ಕೊನೆಗೆ ನನ್ನ ಕಾಲು ತಾನಾಗೇ ಎದ್ದು ನಿಲ್ತು. ಇಗರಾಶಿ, ಕೂತ್ಕೋ ಅಂದ್ರಿ, ಅಷ್ಟೇ. ಆಮೇಲೆ ಇವತ್ತಿನವರೆಗೂ ಅದರ ಸುದ್ದಿ ಎತ್ತಲಿಲ್ಲ. ನನಗೀಗ ಐವತ್ತೆರಡು ಮೇಷ್ಟ್ರೇ. ಮೊಮ್ಮಗಳು ಸ್ಕೂಲಿಗೆ ಹೋಗ್ತಾಳೆ. ಹೀಗೆ ನಿಲ್ಲೋದು ನ್ಯಾಯ ಅಲ್ಲ.

…

ನಂದೇ. ಬಲ್ಬ್ ನಂದೇ.

ಡ್ಯಾಶ್‌ಬೋರ್ಡಿನ ಡಬ್ಬಿ ಹಿಂದೆ ಇದೆ. ನಂಬರ್ ಪ್ಲೇಟಿಗೆ ಹಾಕ್ತಾರಲ್ಲ, ಆ ಐದು ವ್ಯಾಟಿಂದು. ಒಂಬತ್ತನೇ ಫ್ಯೂಸಿನ ದಾರಿಗೆ ಜೋಡಿಸಿ, ಕಪ್ಪು ಟೇಪ್ ಸುತ್ತಿ, ಒಳಗೆ ತೂರಿಸಿದ್ದೆ. ಹೊರಗೆ ಬೆಳಕು ಕಾಣ್ಬಾರ್ದು ಅಂತ ನೋಡ್ಕೊಂಡೆ. ಬಿಸಿ ಆಗುತ್ತೆ ಅನ್ನೋದು ಹೊಳೀಲಿಲ್ಲ. ಮಿಠಾಯಿ ಅಂತೂ ಕನಸಲ್ಲೂ ಹೊಳೀಲಿಲ್ಲ.

ಆದ್ರೆ ಇದು ನನ್ನ ಯೋಚನೆ ಅಲ್ಲ. ಶಿಗೇಕೋ ಬಂದು ಕೇಳ್ಕೊಂಡ್ಲು. ಅಪ್ಪನ ವಯಸ್ಸು ನೋಡು ಇಗರಾಶಿ, ನನ್ನ ಮಾತು ಕೇಳಲ್ಲ, ಏನಾದ್ರೂ ಮಾಡು ಅಂದ್ಲು. ಮಗಳಲ್ವಾ, ಅವಳ ಹೊಟ್ಟೆ ಸಂಕಟ. ಅವಳ ಮೇಲೆ ಕೋಪ ಮಾಡ್ಕೋಬೇಡಿ. ನಾನು ಆಗಲ್ಲ ಅಂದೆ, ಎಷ್ಟು ಸಲ ಅಂದೆ…

ಫೋನ್ ಯಾಕೆ? ಬೇಡ, ಅವಳು ಕೆಲಸದಲ್ಲಿರ್ತಾಳೆ. ಕೌಂಟರಿನಲ್ಲಿ ಜನ ಇರ್ತಾರೆ. …ನಂಬರ್ ಒತ್ಬೇಡಿ ಮೇಷ್ಟ್ರೇ. ಕೆಳಗಿಡಿ ಅದನ್ನ. ದಯವಿಟ್ಟು.

ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಹೇಳ್ತೀನಿ. ಕೂತ್ಕೊಳ್ಳಿ ನೀವು. …ಬೇಡವಾ. ಹಾಗಾದ್ರೆ ನಾನೂ ನಿಂತೇ ಹೇಳ್ತೀನಿ.

ಅಕ್ಟೋಬರ್ ಹತ್ತೊಂಬತ್ತು. ಮೂರೂಕಾಲು. ಸೇತುವೆಯ ತಿರುವು. ಮಕ್ಕಳು ಬಸ್ ಇಳಿದು ಸಾಲಾಗಿ ಬರ್ತಿದ್ರು, ತಲೆ ಮೇಲೆ ಹಳದಿ ಟೋಪಿ. ಮುಂದೆ ಬಾವುಟ ಹಿಡಿದ ದೊಡ್ಡ ಹುಡುಗಿ, ಎಲ್ಲರಿಗಿಂತ ಹಿಂದೆ ನಮ್ಮ ಮೊಮ್ಮಗಳು ಕೊಹಾರು. ನಾನು ಈಚೆ ದಡದಲ್ಲಿ ಅವಳಿಗೆ ಕಾಯ್ತಿದ್ದೆ. ನೀವು ಸ್ಕೂಲಿಂದ ಇಳಿದು ಬಂದ್ರಿ. ಜೋರಾಗೇನೂ ಅಲ್ಲ. ನಿಧಾನಕ್ಕೆ, ನಿಮ್ಮ ಹಾಗೇ. ಆದ್ರೆ ಗಾಡಿ ಬಿಳಿ ಗೆರೆ ದಾಟಿ ಮಕ್ಕಳ ಕಡೆ ಬಂತು. ನಿಧಾನಕ್ಕೇ ಬಂತು. ಗಾಡಿಯ ಪಕ್ಕದ ಕನ್ನಡಿ ಅವಳ ಟೋಪಿಗೆ ತಾಗಿತು. ಟೋಪಿ ಬಿತ್ತು. ಟೋಪಿ ಮಾತ್ರ. ಗಾಳಿಗೆ ಹಾರ್ತು ಅಂದ್ಕೊಂಡು ನಗ್ತಾ ಎತ್ಕೊಂಡ್ಲು.

ನಾನು ಏನು ಮಾಡಿದೆ ಗೊತ್ತಾ? ಓಡಲಿಲ್ಲ. ಕೂಗಲಿಲ್ಲ. ನಿಮ್ಮ ಗಾಡಿ ನನ್ನ ಪಕ್ಕಕ್ಕೆ ಬಂತು, ಒಳಗೆ ಮೇಷ್ಟ್ರು. ನಾನು ಟೋಪಿ ತೆಗೆದು, ಸೊಂಟ ಬಗ್ಗಿಸಿ, ನಮಸ್ಕಾರ ಮಾಡಿದೆ.

ನಲವತ್ತು ವರ್ಷದ ಅಭ್ಯಾಸ. ಮೊದಲು ಬೆನ್ನು ಬಗ್ಗುತ್ತೆ, ಆಮೇಲೆ ತಲೆ ಓಡುತ್ತೆ. ತಲೆ ಎತ್ತೋ ಹೊತ್ತಿಗೆ ನೀವು ತಿರುವು ದಾಟಿದ್ರಿ.

ಐದು ದಿನ ನಿಮ್ಮ ಗೇಟಿನವರೆಗೆ ಬಂದೆ, ವಾಪಸ್ ಹೋದೆ. ಏನಂತ ಹೇಳ್ಲಿ? ಮೇಷ್ಟ್ರೇ, ಇನ್ನು ಓಡಿಸ್ಬೇಡಿ ಅಂತಲಾ? ನನ್ನ ಬಾಯಿಗೆ ಆ ವಾಕ್ಯ ಬರಲ್ಲ. ನಮ್ಮೂರಲ್ಲಿ ಯಾರ ಬಾಯಿಗೂ ಬರಲ್ಲ, ಎಲ್ಲರೂ ನಿಮ್ಮ ಹತ್ರವೇ ಓದಿದವರು. ಗಾಡಿನೇ ಮುದಿಯಾಗಿಬಿಟ್ರೆ, ದಿನಾ ಬೆಳಿಗ್ಗೆ ಕೈಕೊಟ್ರೆ, ಯಾರೂ ಯಾರಿಗೂ ಏನೂ ಹೇಳೋ ಹಾಗಿಲ್ಲ ಅಂತ ಅಂದ್ಕೊಂಡೆ. ಇಪ್ಪತ್ನಾಲ್ಕಕ್ಕೆ ತಪಾಸಣೆಗೆ ಗಾಡಿ ತಗೊಂಡು ಹೋಗಿ, ಬ್ರೇಕ್ ಸರಿ ಮಾಡಿದೆ, ಹೊಸ ಬ್ಯಾಟರಿ ಹಾಕಿದೆ, ಎಲ್ಲ ಸರಿ ಇದೆ ಅಂತ ಸಹಿ ಹಾಕಿದೆ. ಆಮೇಲೆ ಅದೇ ಕೈಯಲ್ಲಿ ಬಲ್ಬ್ ಜೋಡಿಸಿದೆ.

ಏನಾದ್ರೂ ಅನ್ನಿ ಮೇಷ್ಟ್ರೇ.

…ಸರಿ. ಮೊದಲು ಅದನ್ನ ಬಿಚ್ತೀನಿ. ಬಗ್ಗಿದ್ರೆ ಸಿಗುತ್ತೆ. ಸ್ಟಿಯರಿಂಗ್ ಕೆಳಗಿಂದ ಕೈ ಹಾಕಿ…

ಇದೇನು.

ಮೀಟರ್ ನೋಡ್ತಿದೀನಿ. ಕಿಲೋಮೀಟರಿಂದು. ತಪಾಸಣೆ ಚೀಟಿಯಲ್ಲಿ ನಾನು ಬರೆದದ್ದು ಅರವತ್ತೊಂದು ಸಾವಿರದ ಇನ್ನೂರ ಎಂಬತ್ತೊಂದು. ಈಗ ಇನ್ನೂರ ಎಂಬತ್ನಾಲ್ಕು. ನಮ್ಮ ಗ್ಯಾರೇಜಿಂದ ಇಲ್ಲಿಗೆ ಮೂರು ಕಿಲೋಮೀಟರ್. ಅಂದ್ರೆ ನಾನು ತಂದು ನಿಲ್ಲಿಸಿದ ಮೇಲೆ ಇದು ಶೆಡ್ ಬಿಟ್ಟು ಒಂದು ಮಾರೂ ಹೋಗಿಲ್ಲ. ನಾನು ಎರಡು ಸಲ ಚಾರ್ಜ್ ಮಾಡಿ ಕೊಟ್ಟೆ. ಒಂದು ಸಲವೂ ಓಡಿಸಿಲ್ಲ.

ಹಾಗಾದ್ರೆ ಆ ಬೂಟು. ಬ್ಯಾಟರಿ ಚೆನ್ನಾಗಿದ್ದ ದಿನವೂ ನಡ್ಕೊಂಡೇ ಹೋಗ್ತಿದ್ರಾ? ದಿನಕ್ಕೆ ಎರಡು ಸಲ? ಯಾಕೆ?

…ಲೈಸೆನ್ಸಾ ಇದು? ನಿಮ್ಮದೇ ಫೋಟೋ. ಇನ್ನು ನಡೆಯಲ್ಲ ಅಂತ ಮಧ್ಯದಲ್ಲಿ ತೂತು ಹೊಡೆದಿದಾರೆ. ಹಿಂದೆ ಠಾಣೆಯ ಮುದ್ರೆ… ಅಕ್ಟೋಬರ್ ಇಪ್ಪತ್ತು.

ಸೇತುವೆಯ ಮರುದಿನ.

ಅಂದ್ರೆ ನೀವೂ ನೋಡಿದ್ರಿ. ಟೋಪಿ ಬಿದ್ದಿದ್ದನ್ನ ಕನ್ನಡಿಯಲ್ಲಿ ನೋಡಿದ್ರಿ. ನಾನು ನಮಸ್ಕಾರ ಮಾಡಿದ್ದನ್ನೂ ನೋಡಿದ್ರಿ. ಮರುದಿನವೇ ಹೋಗಿ ವಾಪಸ್ ಕೊಟ್ಟು ಬಂದ್ರಿ. ಚಪ್ಪಾಳೆ ತಟ್ಟಿದ್ರಾ? …ಕೇಳ್ಬಾರ್ದಿತ್ತು, ಬಿಡಿ. ನಾನು ಇಪ್ಪತ್ನಾಲ್ಕಕ್ಕೆ ಬಂದಾಗ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಸುಮ್ನೆ ಕೀ ಕೈಗೆ ಕೊಟ್ರಿ. ಸುಗೆನೊ ಅಜ್ಜನ ಕತೆಯನ್ನೂ ಪೂರ್ತಿ ಕೇಳಿದ್ರಿ, ಮುಖ ಒಂದಿಷ್ಟೂ ಅಲ್ಲಾಡಿಸದೆ.

ಓಡದೆ ನಿಂತ ಗಾಡಿಯ ಬ್ಯಾಟರಿ ಖಾಲಿ ಮಾಡ್ಲಿಕ್ಕೆ ನಾನು ಒಂದು ತಿಂಗಳು ಕಷ್ಟಪಟ್ಟಿದೀನಿ. ನೀವು ಒಂದು ತಿಂಗಳು ಕೂತು ಅದರ ಗ್ರಾಫ್ ಬರೆದಿದೀರಿ.

…ಕೀ ಯಾಕೆ ನನ್ನ ಕಡೆ ಚಾಚ್ತೀರಾ? …ಗಡಿಯಾರ. ಎರಡೂ ಮುಕ್ಕಾಲು. ಮೂರಕ್ಕೆ ಥರ್ಮಾಮೀಟರ್. ನಾನು ಓಡಿಸ್ಬೇಕಾ? ಇವತ್ತು ಮಾತ್ರನಾ, ಇಲ್ಲಾ… ದಿನಾನಾ? ಭಾನುವಾರವೂ? …ಸರಿ, ಸರಿ. ಥರ್ಮಾಮೀಟರಿಗೆ ಭಾನುವಾರ ಇಲ್ಲ. ಗೊತ್ತು.

ಬಲ್ಬ್ ಬಂತು ನೋಡಿ. ತಣ್ಣಗಾಗಿದೆ, ಇಟ್ಕೊಳ್ಳಿ. ಮೈನಸ್ ಕಟ್ಟಿದೆ. ಒಂಬತ್ತನೇ ಫ್ಯೂಸ್ ವಾಪಸ್ ಹಾಕಿದೆ. ಹತ್ತಿ, ಹೊರಡೋಣ.

…ಇನ್ನೇನು? ಪುಸ್ತಕನಾ. ಓ. ಇಲ್ಲಿ ಒಂದು ಕಾಲಂ ಇದೆ. ದಿನಾಂಕ, ವೋಲ್ಟ್, ಕಾರಣ. ಕಾರಣದ ಕಾಲಂ ಮೇಲಿಂದ ಕೆಳಗಿನವರೆಗೆ ಖಾಲಿ ಬಿಟ್ಟಿದೀರಿ. ನಾನು ತುಂಬ್ಬೇಕಾ. ಪೆನ್ಸಿಲ್ ಕೊಡಿ. ಬಲ್ಬ್, ಐದು ವ್ಯಾಟ್… …ಅಲ್ಲವಾ. ಹೌದು, ಬಲ್ಬ್ ತಾನಾಗೇ ಒಳಗೆ ಹೋಗಿ ಕೂತಿಲ್ಲ. ಅಳಿಸಿದೆ.

‘ಇಗರಾಶಿ.’ ಸಾಕಾ?

…ಪೆನ್ಸಿಲ್ ಯಾಕೆ ತಗೊಂಡ್ರಿ? ನನ್ನ ಹೆಸರಿನ ಕೆಳಗೆ ಏನು ಬರೀತಿದೀರಾ?

‘ಒಬಾತಾ.’ ನಿಮ್ಮ ಹೆಸರು.

ಇಲ್ಲ, ಇಲ್ಲ ಮೇಷ್ಟ್ರೇ, ನಿಮ್ಮದು ಯಾಕೆ ಇಲ್ಲಿ, ಅಳಿಸಿ ಅದನ್ನ, ನೀವೇನು…

…

ಇರಿ. ಪೆನ್ಸಿಲ್ ಈ ಕಡೆ ಕೊಡಿ.

ಇದು ತಪ್ಪಾಗಿದೆ ಮೇಷ್ಟ್ರೇ. ಸೇತುವೆ ಹತ್ತೊಂಬತ್ತಕ್ಕೆ, ಬಲ್ಬ್ ಇಪ್ಪತ್ನಾಲ್ಕಕ್ಕೆ. ದಿನಾಂಕದ ಪ್ರಕಾರ ನಿಮ್ಮ ಹೆಸರು ಮೇಲೆ ಬರ್ಬೇಕು.